ಸೀಟಿನಡಿಯ ತಣ್ಣೀರು

ನಮ್ಮೂರ ಬೇಸಿಗೆಯ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ನಂಬಿದರೂ ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ರಸ್ತೆಯಲ್ಲಿ ನಿಂತರೆ ನಮ್ಮ ನೆರಳು ನಮ್ಮನ್ನು ಅಲ್ಲೇ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದು ಕೂತುಕೊಳ್ಳುತ್ತದೆ. ಡಾಂಬರು ಕರಗಿ ಚಪ್ಪಲಿ ಹಿಡಿದುಕೊಳ್ಳುತ್ತದೆ. ಒಂದು ವರ್ಷ ಅಂಚೆಯವನೊಬ್ಬ ಎರಡೂ ಚಪ್ಪಲಿಗಳನ್ನು ನಡುರಸ್ತೆಯಲ್ಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಓಡಿದವನು, ಮಳೆ ಬಿದ್ದ ಮೇಲೆ ಬಂದು ಅವನ್ನು ಕಿತ್ತುಕೊಂಡು ಹೋದ. ಇಂಥ ಬಿಸಿಲಲ್ಲಿ ಸೈಕಲ್ ತುಳಿದು ದಿನಕ್ಕೆ ನೂರೆಂಬತ್ತು ಮನೆಗಳ ನೀರಿನ ಮೀಟರ್ ಓದುವುದು ಒಬ್ಬನ ಕೆಲಸವಾಗಿತ್ತು.

ನೀರು ಸರಬರಾಜು ಕಚೇರಿಯಲ್ಲಿ ನಾವೆಲ್ಲ ಅವನನ್ನು ತಣ್ಣೀರಣ್ಣ ಎನ್ನುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮೀಟರಿನ ಕಬ್ಬಿಣದ ಮುಚ್ಚಳವನ್ನು ಬರಿಗೈಯಲ್ಲಿ ಮುಟ್ಟಿದರೆ ದೋಸೆ ಹಂಚು ಮುಟ್ಟಿದ ಹಾಗೆ, ಆದ್ದರಿಂದ ಅವನು ಉದ್ದನೆಯ ಸ್ಕ್ರೂಡ್ರೈವರಿನಿಂದ ಅದನ್ನು ಎಬ್ಬಿಸಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ತಲೆಕೆಳಗಾಗಿ ಕಂಡ ಅಂಕಿಯನ್ನು ನೆಟ್ಟಗೆ ಬರೆದುಕೊಳ್ಳುತ್ತಿದ್ದ. ಮುಚ್ಚಳದ ಕೆಳಗೆ ಹಾವು ಮಲಗಿದ್ದರೆ ಅದನ್ನು ಎಬ್ಬಿಸದೆ ಅಂಕಿ ಓದಿಕೊಂಡು ಬರುತ್ತಿದ್ದ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಸುಳ್ಳಾದರೂ ಅವನು ಅಂಥವನೇ.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಪಂಪ್‌ಹೌಸಿನ ಗೋಡೆಯ ನೆರಳಿಗೆ ಬಂದು ಸೇರುವುದು ನಮ್ಮ ಪದ್ಧತಿ. ಬೀದಿ ಬೀದಿಯ ವಾಲ್ವ್ ತಿರುಗಿಸುವವನು, ನೀರಿಗೆ ಕ್ಲೋರಿನ್ ಸರಿಯಾಗಿದೆಯೇ ಎಂದು ನೋಡುವ ಲ್ಯಾಬಿನವಳು, ಪಂಪ್ ಓಡಿಸುವವನು, ಪೈಪ್ ಜೋಡಿಸುವ ಇಬ್ಬರು, ನಾನು, ಕೆಲವೊಮ್ಮೆ ಸಾಹೇಬರು. ಒಟ್ಟು ಏಳು ಜನ. ಊರಿಗೆಲ್ಲ ನೀರು ಕೊಡುವ ನಮ್ಮ ಏಳು ಜನರಿಗೆ ಕುಡಿಯಲು ತಣ್ಣಗಿನ ನೀರಿರಲಿಲ್ಲ. ತಣ್ಣೀರಣ್ಣನ ಬಾಟಲಿಯೊಂದೇ ಗತಿ.

ಎರಡು ಲೀಟರಿನ ದಪ್ಪ ಹಸಿರು ಪ್ಲಾಸ್ಟಿಕ್ ಬಾಟಲಿ ಅದು, ಒಳಗೇನಿದೆ ಎಂದು ಹೊರಗಿನಿಂದ ಕಾಣದು. ಅದಕ್ಕೆ ಹಳೆಯ ಕಂಬಳಿಯಲ್ಲಿ ಹೊಲಿದ ಒಂದು ಚೀಲ. ಅದು ಚೀಲದ ಸಮೇತ ಸೈಕಲ್ ಸೀಟಿನ ಹಿಂಭಾಗದ ಸ್ಪ್ರಿಂಗಿಗೆ ಕಟ್ಟಿರುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ, ನಲವತ್ತೆರಡು ಮೈಲಿ ತುಳಿದು ಬಂದ ಮೇಲೆ (ನಾಲ್ಕು ಮೈಲಿ ಇದ್ದೀತು, ಬಿಡಿ), ಆ ನೀರನ್ನು ಬಾಯಿಗೆ ಬಿಟ್ಟುಕೊಂಡರೆ ಕಿವಿಯೊಳಗೆ ಚಳಿಯಾಗುತ್ತಿತ್ತು.

"ಇದ್ರಲ್ಲಿ ಏನೂ ಮಾಯ ಇಲ್ಲ, ವಿಜ್ಞಾನ," ಎನ್ನುತ್ತಿದ್ದ ಅವನು. "ಸೀಟಿನ ಕೆಳಗೆ ನಾನು ಕೂತಿರೋವರೆಗೂ ಬಿಸಿಲು ಬೀಳಲ್ಲ, ಗುಹೆ ಇದ್ದ ಹಾಗೆ. ಹಿಂದಿನ ಚಕ್ರ ತಿರುಗ್ತಾ ಇರುತ್ತಲ್ಲ, ಅದು ಫ್ಯಾನು. ಕಂಬಳಿ ಒದ್ದೆ ಇರಬೇಕು. ಆಯ್ತು, ಅಷ್ಟೇ."

"ಅಣ್ಣಾ, ನಂದೂ ಸೀಟೇ, ನಂದೂ ಚಕ್ರಾನೇ," ಎಂದ ವಾಲ್ವಿನವನು ಒಂದು ದಿನ. "ಕಂಬಳಿ ನಿಂದಕ್ಕಿಂತ ದಪ್ಪ. ನಂದ್ಯಾಕೆ ಹೀಗೆ ಕಾದಿರುತ್ತೆ?"

"ನೀನು ಕೂರೋ ಭಂಗಿ ಸರಿಯಿಲ್ಲ ಕಣೋ. ಸ್ವಲ್ಪ ಹಿಂದಕ್ಕೆ ಕೂರು. ನೆರಳು ಅಗಲ ಆಗುತ್ತೆ."

ವಾಲ್ವಿನವನು ಒಂದು ವಾರ ಹಿಂದಕ್ಕೆ ವಾಲಿಕೊಂಡು ಸೈಕಲ್ ತುಳಿದ. ಸೊಂಟ ಹಿಡಿದುಕೊಂಡಿತು, ನೀರು ಬಿಸಿಯಾಗಿಯೇ ಉಳಿಯಿತು. ಸೊಂಟಕ್ಕೆ ಶಾಖ ಕೊಡಲು ಬೇರೆ ನೀರು ಕಾಯಿಸುವ ಅಗತ್ಯ ಬೀಳಲಿಲ್ಲ.

ಈ ವಿಜ್ಞಾನ ಶುರುವಾದದ್ದು ಹದಿನೆಂಟು ವರ್ಷದ ಹಿಂದೆ. ಆಗ ತಣ್ಣೀರಣ್ಣನಿಗೆ ಕಿಡ್ನಿಯಲ್ಲಿ ಕಲ್ಲಾಗಿ, ಒಂದು ಕಿಡ್ನಿ ಕೆಟ್ಟುಹೋಗಿ, ಅದನ್ನು ತೆಗೆದು ಹಾಕಿದರು. "ಉಳಿದಿರೋದು ಒಂದೇ," ಎಂದರು ಡಾಕ್ಟರು. "ದಿನಕ್ಕೆ ಮೂರು ಲೀಟರ್ ನೀರು ಕುಡೀಲೇಬೇಕು. ಇಲ್ಲಾಂದ್ರೆ ಇದೂ ಹೋಗುತ್ತೆ, ಆಮೇಲೆ ನನ್ನ ಹತ್ರ ಬರಬೇಡಿ." ಆದರೆ ಬಿಸಿಲಲ್ಲಿ ಕಾದ ನೀರು ಇವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳು ಹಳೆಯ ಕಂಬಳಿ ಕತ್ತರಿಸಿ ಆ ಚೀಲ ಹೊಲಿದುಕೊಟ್ಟಳು. ಮರುದಿನ ಮಧ್ಯಾಹ್ನ ಇವನು ಬಾಟಲಿ ಎತ್ತಿ ಕುಡಿದ, ನೀರು ತಣ್ಣಗಿತ್ತು. ಸಂಜೆ ಮನೆಗೆ ಹೋದವನೇ ಸೀಟು, ಚಕ್ರ, ಕಂಬಳಿ ಎಂದು ಅವಳಿಗೆ ಒಂದು ಗಂಟೆ ಪಾಠ ಮಾಡಿದನಂತೆ. ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಕೇಳಿದಳಂತೆ. ಮಧ್ಯೆ ಒಂದು ಸಲ ಅವಳು ತವರಿಗೆ ಹೋದ ಎರಡು ದಿನ ಮಾತ್ರ ನೀರು ಕಾದಿತ್ತು. "ಗಾಳಿ ದಿಕ್ಕು ಬದಲಾಗಿದೆ," ಎಂದು ಇವನು ನಮಗೆ ವಿವರಿಸಿದ.

ಈ ವರ್ಷ ಬೇಸಿಗೆ ಇನ್ನೂ ಬಾಗಿಲು ಬಡಿಯುತ್ತಿದ್ದಾಗ ಅವಳಿಗೆ ಜ್ವರ ಬಂತು. ಹನ್ನೊಂದು ದಿನ ಇತ್ತು. ಹನ್ನೆರಡನೆಯ ದಿನ ಅವಳಿರಲಿಲ್ಲ.

ಅವರಿಗೆ ಮಕ್ಕಳಿಲ್ಲ. ಎರಡು ಬೀದಿ ಆಚೆ ಇದ್ದ ಇವನ ಅಕ್ಕ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಹದಿನೈದು ದಿನಕ್ಕೆ ತಣ್ಣೀರಣ್ಣ ಕೆಲಸಕ್ಕೆ ಬಂದ. ಅತ್ತಿರಲಿಲ್ಲ, ಸೊರಗಿರಲಿಲ್ಲ, ಗಡ್ಡ ಬಿಟ್ಟಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮಾತಾಡಿಸಿದರೆ "ಹೂಂ" ಎಂದ. ಸಾಹೇಬರು, "ಇನ್ನೊಂದು ವಾರ ರಜಾ ಬೇಕಿದ್ರೆ ತಗೊಳ್ಳಪ್ಪ," ಎಂದರು. "ಹೂಂ" ಎಂದು ಮೀಟರ್ ಪುಸ್ತಕ ಎತ್ತಿಕೊಂಡು ಹೊರಟ. ಮುಚ್ಚಳಗಳನ್ನು ಬರಿಗೈಯಲ್ಲಿ ಎತ್ತುತ್ತಿದ್ದಾನೆ ಎಂದು ಯಾವುದೋ ಮನೆಯವರು ಬಂದು ಹೇಳಿದರು. ಅಂಗೈ ನೋಡಿದರೆ ಬೊಬ್ಬೆ ಎದ್ದಿತ್ತು. "ಉರಿಯಲ್ವಾ?" ಎಂದು ಕೇಳಿದೆ. ಬೇರೆಯವರ ಕೈ ನೋಡುವ ಹಾಗೆ ನೋಡಿಕೊಂಡು, "ಗೊತ್ತಾಗಲಿಲ್ಲ," ಎಂದ. ಅಂಕಿ ಮಾತ್ರ ಒಂದೂ ತಪ್ಪಿರಲಿಲ್ಲ. ಹತ್ತು ವರ್ಷದಿಂದ ಅವನನ್ನು ಕಂಡರೆ ಸರಪಳಿ ಕಿತ್ತುಕೊಂಡು ಬರುತ್ತಿದ್ದ ಮೂಲೆಮನೆಯ ನಾಯಿ ಈಗ ಅವನು ಬಂದರೆ ಎದ್ದು ಒಳಗೆ ಹೋಗುತ್ತಿತ್ತು.

ಆ ಮೊದಲ ದಿನ ಒಂದು ಗಂಟೆಗೆ ಪಂಪ್‌ಹೌಸಿಗೆ ಬಂದು, ಎಂದಿನಂತೆ ಬಾಟಲಿ ಬಿಚ್ಚಿ ವಾಲ್ವಿನವನ ಕೈಗೆ ಕೊಟ್ಟ. ವಾಲ್ವಿನವನು ತಲೆಯೆತ್ತಿ ಬಾಯಿಗೆ ಬಿಟ್ಟುಕೊಂಡ. ಅವನ ಕಣ್ಣು ಒಮ್ಮೆ ದೊಡ್ಡದಾಯಿತು. ನೀರು ಕಾದಿತ್ತು. ಬೆಚ್ಚಗಿನ ಮಾತಲ್ಲ, ಚಹಾಪುಡಿ ಹಾಕಿದ್ದರೆ ಸೋಸಿಕೊಂಡು ಕುಡಿಯಬಹುದಿತ್ತು. ಆದರೆ ಹೆಂಡತಿ ಹೋಗಿ ಹದಿನೈದು ದಿನಕ್ಕೆ ಕೆಲಸಕ್ಕೆ ಬಂದವನು ಎದುರಿಗೆ ನಿಂತಿದ್ದಾನೆ. ವಾಲ್ವಿನವನು ನುಂಗಿ, ಬಾಯಿ ಒರೆಸಿಕೊಂಡು, "ಅಬ್ಬಾ, ಐಸ್ ಇದ್ದ ಹಾಗಿದೆ ಅಣ್ಣಾ," ಎಂದುಬಿಟ್ಟ.

ಅವನ ನಂತರ ಪಂಪಿನವನು. ಅವನು ವಾಲ್ವಿನವನ ಮುಖ ನೋಡಿದ, ಬಾಟಲಿ ನೋಡಿದ. "ಹಲ್ಲು ಜುಂ ಅಂತು," ಎಂದ. ಹೀಗೆ ಏಳು ಜನರೂ ಕುಡಿದೆವು, ಏಳು ಜನರೂ ನಡುಗಿದೆವು. ನಾನಂತೂ ಭುಜ ಅದುರಿಸಿ ತೋರಿಸಿದೆ. ಸಾಹೇಬರು ಆಮೇಲೆ ನನ್ನನ್ನು ಕರೆದು, "ಅಷ್ಟೊಂದು ನಾಟಕ ಬೇಕಿರಲಿಲ್ಲ," ಎಂದರು.

"ನೀನೂ ಕುಡಿ ಅಣ್ಣಾ," ಎಂದಳು ಲ್ಯಾಬಿನವಳು.

"ಆಮೇಲೆ ಕುಡೀತೀನಿ. ನೀವು ಕುಡೀರಿ."

ಆಮೇಲೆ ಕುಡಿಯಲಿಲ್ಲ. ಉಳಿದದ್ದನ್ನು ಪೈಪಿನವರಿಗೆ ಕೊಟ್ಟ.

ಮರುದಿನ ಸೈಕಲ್ಲಿಗೆ ಎರಡು ಬಾಟಲಿಗಳಿದ್ದವು. "ನಿಮಗೆಲ್ಲ ಇಷ್ಟ ಆಯ್ತಲ್ಲ, ಅದಕ್ಕೆ," ಎಂದ. ಅವನಾಗಿಯೇ ಆಡಿದ ಮೊದಲ ಮಾತು ಅದು. ಆ ಒಂದು ಮಾತಿಗಾಗಿ ಇನ್ನೊಂದು ಬಾಟಲಿ ಕೂಡ ಕುಡಿದೆವು. ವಾರದ ಕೊನೆಗೆ ಮೂರಾದವು, ಮುಂದಿನ ವಾರ ನಾಲ್ಕು. ಆ ತಿಂಗಳು ನಾವು ಕುಡಿದ ಬಿಸಿನೀರಿನಲ್ಲಿ ಒಂದು ಆನೆಗೆ ಸ್ನಾನ ಮಾಡಿಸಬಹುದಿತ್ತು, ಆನೆ ಒಪ್ಪಿದ್ದರೆ. ತಣ್ಣೀರಣ್ಣ ತನ್ನ ಮನೆಯ ಮಾಳಿಗೆಯ ಕಪ್ಪು ಟ್ಯಾಂಕಿನ ನಲ್ಲಿಯಿಂದ ನೇರ ಹಿಡಿದು ತರುತ್ತಿದ್ದನೆಂದು ವಾಲ್ವಿನವನು ಪತ್ತೆ ಮಾಡಿದ. ಆ ಟ್ಯಾಂಕು ಬೆಳಗ್ಗೆ ಆರಕ್ಕೇ ಬಿಸಿಯಾಗಿರುತ್ತಿತ್ತು. ಲ್ಯಾಬಿನವಳು ಒಂದು ದಿನ ತಡೆಯಲಾರದೆ, ಅವನು ಆಚೆ ಹೋದಾಗ ಥರ್ಮಾಮೀಟರ್ ಅದ್ದಿ ನೋಡಿದಳು.

"ನಲವತ್ತೊಂದು," ಎಂದಳು. "ಮನುಷ್ಯರಿಗೆ ಇಷ್ಟಿದ್ರೆ ಆಸ್ಪತ್ರೆಗೆ ಸೇರಿಸಬೇಕಿತ್ತು."

ಹೇಳಿದ ಮೇಲೆ ಅವಳಿಗೆ ಹನ್ನೊಂದು ದಿನದ ಜ್ವರ ನೆನಪಾಗಿರಬೇಕು. ಥರ್ಮಾಮೀಟರನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟಳು.

ನಮಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ನೀರಿನ ಬಿಸಿ ಅಲ್ಲವೇ ಅಲ್ಲ. ಎಂಟು ಲೀಟರ್ ಹೊತ್ತುಕೊಂಡು ಬರುವವನು ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ತುಟಿ ಒಡೆದಿತ್ತು. ಬೆವರು ಬರುವುದೇ ನಿಂತಿತ್ತು; ನಲವತ್ತಮೂರು ಡಿಗ್ರಿ ಬಿಸಿಲಲ್ಲಿ ಅವನ ಅಂಗಿಯ ಇಸ್ತ್ರಿ ಸಂಜೆಯವರೆಗೂ ಮುರಿಯುತ್ತಿರಲಿಲ್ಲ. ಉಳಿದಿರುವ ಕಿಡ್ನಿ ಒಂದೇ ಎಂಬುದು ನಮಗೆಲ್ಲ ಗೊತ್ತಿತ್ತು.

"ನಿಜ ಹೇಳಿಬಿಡೋಣ," ಎಂದೆ ನಾನು. "ನೀರು ಬಿಸಿ ಇದೆ, ಯಾರೂ ಕುಡಿಯೋಕಾಗಲ್ಲ ಅಂತ."

"ಹೇಳಿದ್ರೆ ತರೋದೇ ಬಿಡ್ತಾನೆ," ಎಂದ ವಾಲ್ವಿನವನು. "ಅದೊಂದನ್ನೇ ಅವನು ಮನಸ್ಸಿಟ್ಟು ಮಾಡ್ತಿರೋದು. ಅದನ್ನೂ ಕಿತ್ಕೊಂಡ್ರೆ ಏನ್ ಉಳಿಯುತ್ತೆ?"

"ನಾವು ಕುಡಿಯೋದು ನೋಡಿ ನೋಡಿ ಅವನಿಗೂ ಬಾಯಾರಿಕೆ ಆಗುತ್ತೆ, ತಾಳಿ," ಎಂದರು ಸಾಹೇಬರು. ಅವರು ದೊಡ್ಡ ಹುದ್ದೆಯವರು, ಅವರ ಮಾತೇ ನಡೆಯಿತು. ನಾವು ಇನ್ನೂ ಜೋರಾಗಿ ಚಪ್ಪರಿಸಿ ಕುಡಿದೆವು. ನಾವು ಚಪ್ಪರಿಸಿದಷ್ಟೂ ಅವನು ತನ್ನ ಪಾಲನ್ನು ನಮ್ಮ ಕಡೆ ತಳ್ಳಿದ. "ನನಗೇನು, ದಿನಾ ಇದ್ದಿದ್ದೇ. ನೀವು ಕುಡೀರಿ."

ಅವನು ಕೆಲಸಕ್ಕೆ ಮರಳಿದ ಮೂವತ್ತೆರಡನೆಯ ದಿನ ಒಂದು ಗಂಟೆ ಐದು ನಿಮಿಷಕ್ಕೆ ಪಂಪ್‌ಹೌಸಿನ ಗೇಟಿನಲ್ಲಿ ಸೈಕಲ್ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ತಣ್ಣೀರಣ್ಣ ಸೈಕಲ್ಲಿನ ಕೆಳಗಿದ್ದ. ಒಂದು ಚಕ್ರ ಇನ್ನೂ ತಿರುಗುತ್ತಿತ್ತು. ಎತ್ತಿ ನೆರಳಿಗೆ ತಂದು ಮಲಗಿಸಿದೆವು. ಮೈ ಮುಟ್ಟಿದರೆ ಒಣಗಿದ ಗೋಡೆಯ ಹಾಗಿತ್ತು. ಪಂಪಿನವನು ಗಾಬರಿಯಲ್ಲಿ ಕೈಗೆ ಸಿಕ್ಕ ಬಾಟಲಿಯ ಮುಚ್ಚಳ ತೆಗೆದು ನೀರನ್ನೆಲ್ಲ ಅವನ ಮುಖಕ್ಕೆ ಸುರಿದ.

ತಣ್ಣೀರಣ್ಣ ಕಣ್ಣುಬಿಟ್ಟ. ಮುಖ ಕಿವುಚಿದ.

"ಥೂ," ಎಂದ. "ಬಿಸಿನೀರು ಯಾಕ್ರೋ ಹಾಕ್ತೀರ?"

ಪಂಪಿನವನು ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ, ಆದರೆ ಅದು ಎರಡು ಲೀಟರಿನದು, ಅವನು ಸಣಕಲ.

"ಅದು ನಂದೇ ಬಾಟಲಿ ಅಲ್ವಾ?" ಎಂದ ತಣ್ಣೀರಣ್ಣ.

"ಹೂಂ ಅಣ್ಣಾ."

"ಇವತ್ತು ಕಾದಿದೆಯಾ?"

ವಾಲ್ವಿನವನು ನೆಲ ನೋಡುತ್ತಾ ಹೇಳಿದ: "ದಿನಾ ಕಾದಿರುತ್ತೆ ಅಣ್ಣಾ. ನೀನು ಬಂದ ದಿನದಿಂದ."

"ಮತ್ತೆ ಐಸ್ ಇದ್ದ ಹಾಗಿದೆ ಅಂತಿದ್ರಿ?"

ಅವನು ಸಾಹೇಬರ ಕಡೆ ತಿರುಗಿ, "ನೀವೂನಾ ಸರ್?" ಎಂದ. ಸಾಹೇಬರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದವರು, ಆಟೋ ಬರುವವರೆಗೂ ಒರೆಸುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಡಾಕ್ಟರು ರಕ್ತದ ವರದಿ ನೋಡಿ, "ಕಿಡ್ನಿ ಇನ್ನೂ ಹೋಗಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ. ಇನ್ನೊಂದು ವಾರ ಹೀಗೇ ನಡೆದಿದ್ರೆ ಮುಗೀತಿತ್ತು. ನೀರು ಕುಡಿಯೋದು ಬಿಡೋದು ಇವರ ಕೈಲಿದೆ," ಎಂದು ನಮಗೆ ಹೇಳಿದರು, ಅವನೇ ಎದುರಿಗೆ ಮಲಗಿದ್ದರೂ. ಅವನು ಬಾಟಲಿಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದುದನ್ನು ಮೀಟರ್ ಓದುವ ಹಾಗೆ ನೋಡುತ್ತಿದ್ದ.

ಸಂಜೆ ನಾಲ್ಕಕ್ಕೆ ಅಕ್ಕ ಬಂದಳು. ಬಾಗಿಲಲ್ಲೇ ಶುರು ಮಾಡಿದಳು.

"ಏನೋ ಇದು? ನೀರಿನ ಆಫೀಸಲ್ಲಿ ಕೆಲಸ ಮಾಡ್ಕೊಂಡು ನೀರಿಲ್ಲದೆ ಬೀಳೋದಾ? ಜನ ಕೇಳಿದ್ರೆ ನಗ್ತಾರೆ ಕಣೋ!"

"ಸೀಟಿನ ಕೆಳಗೇ ಕಟ್ಟಿದ್ದೆ ಅಕ್ಕಾ," ಎಂದ ಅವನು. "ಕಂಬಳೀನೂ ಒದ್ದೆ ಮಾಡಿದ್ದೆ. ಎಲ್ಲ ಮೊದಲಿನ ಹಾಗೇ. ಯಾಕೆ ಕಾಯ್ತು ಅಂತ ಗೊತ್ತಾಗ್ತಿಲ್ಲ."

ಅಕ್ಕ ನಮ್ಮನ್ನು ನೋಡಿದಳು. ಸ್ಟೂಲು ಎಳೆದುಕೊಂಡು ಕೂತಳು. ಅವಳ ದನಿ ಇಳಿಯಿತು.

"ನಿಂಗೆ ನಿಜವಾಗ್ಲೂ ಗೊತ್ತಿರಲಿಲ್ವೇನೋ?"

"ಏನು?"

"ಅವಳು ಐಸ್ ಮಾಡಿಡ್ತಿದ್ದಳು ಕಣೋ. ರಾತ್ರಿ ಮಲಗೋ ಮುಂಚೆ ಬಾಟಲೀಲಿ ಮೂರನೇ ಒಂದು ಪಾಲು ನೀರು ಹಾಕಿ, ಮುಚ್ಚಳ ಸಡಿಲ ಬಿಟ್ಟು, ಫ್ರಿಜ್ಜಿನ ಮೇಲಿನ ಗೂಡಲ್ಲಿ ಓರೆಯಾಗಿ ಮಲಗಿಸ್ತಿದ್ದಳು. ಐಸು ಪಕ್ಕಕ್ಕೆ ಅಂಟಿಕೊಂಡ್ರೆ ಕುಲುಕಿದ್ರೂ ಸದ್ದಾಗಲ್ಲ. ಬೆಳಗ್ಗೆ ಐದಕ್ಕೆ ಎದ್ದು ಮೇಲೆ ತಣ್ಣೀರು ತುಂಬಿ, ಚೀಲ ಒದ್ದೆ ಮಾಡಿ, ಸೈಕಲ್ಲಿಗೆ ಅವಳೇ ಕಟ್ಟಿಡ್ತಿದ್ದಳು. ನೀನು ಏಳೋದು ಆರೂವರೆಗೆ."

ಇದು ಅವನಿಗೆ ಗೊತ್ತಿಲ್ಲದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಫ್ರಿಜ್ಜಿನ ಮೇಲಿನ ಬಾಗಿಲನ್ನು ಅವನು ಕೊಂಡ ದಿನ ಅಂಗಡಿಯಲ್ಲಿ ಒಮ್ಮೆ ತೆರೆದು ನೋಡಿದ್ದ, ಆಮೇಲೆ ಅದು ಬಾಗಿಲೆಂದು ಮರೆತಿದ್ದ.

"ದಿನಾನಾ?" ಎಂದ.

"ದಿನಾ."

"ಹದಿನೆಂಟು ವರ್ಷಾನಾ?"

"ತವರಿಗೆ ಹೋಗಿದ್ದ ಎರಡು ದಿನ ಬಿಟ್ಟು."

"ಮತ್ತೆ ಯಾಕೆ ಹೇಳಲಿಲ್ಲ ಅವಳು?"

"ನಾನೂ ಕೇಳಿದೆ. 'ಅವರು ಸೀಟು ಚಕ್ರ ಅಂತ ಅಷ್ಟು ಖುಷೀಲಿ ಹೇಳ್ತಿದ್ರು ಅತ್ತಿಗೆ, ಬಾಯಿ ಬರಲಿಲ್ಲ. ಆಮೇಲೆ ಹೇಳೋಕೆ ತಡವಾಗಿಹೋಯ್ತು. ಹೆಂಗೋ ನೀರು ಒಳಗೆ ಹೋಗ್ತಿದೆಯಲ್ಲ,' ಅಂದಳು."

"ಹೌದಾ," ಎಂದ ತಣ್ಣೀರಣ್ಣ. ಅಷ್ಟೇ. ಗ್ಲೂಕೋಸಿನ ಕಡೆ ತಿರುಗಿದ. ಅಳುತ್ತಾನೇನೋ ಎಂದು ಕಾದೆವು. ವಾಲ್ವಿನವನು ಮೊದಲೇ ಕರವಸ್ತ್ರ ತೆಗೆದಿಟ್ಟುಕೊಂಡಿದ್ದ. ಅಳಲಿಲ್ಲ. ಕೊನೆಗೆ, "ನಾನು ಆಫೀಸಿಗೆಲ್ಲ ಪಾಠ ಮಾಡಿದ್ದೀನಿ," ಎಂದ.

"ನನ್ನ ಸೊಂಟ ಇನ್ನೂ ಸರಿಯಾಗಿಲ್ಲ," ಎಂದ ವಾಲ್ವಿನವನು.

ನಾಲ್ಕು ದಿನದ ಮೇಲೆ ಕೆಲಸಕ್ಕೆ ಬಂದ. ಬಂದವನ ಕೈಯಲ್ಲಿ ಹಸಿರು ಬಾಟಲಿ ಉದ್ದಕ್ಕೆ ಸೀಳಿತ್ತು. ಕುತ್ತಿಗೆಯವರೆಗೂ ನೀರು ತುಂಬಿ, ಮುಚ್ಚಳ ಬಿಗಿದು, ಐಸು ಮಾಡಲು ಇಟ್ಟಿದ್ದನಂತೆ.

"ಮೂರನೇ ಒಂದು ಪಾಲು ಅಂತ ಅಕ್ಕ ಹೇಳಿದ್ಳಲ್ಲ?" ಎಂದಳು ಲ್ಯಾಬಿನವಳು.

"ಜಾಸ್ತಿ ಇದ್ರೆ ಒಳ್ಳೇದು ಅಂದ್ಕೊಂಡೆ."

ಬೇರೆ ಬಾಟಲಿ ಕೊಂಡ. ಮರುದಿನ ಐಸು ಬಾಟಲಿಯ ಬಾಯಿಗೇ ಅಡ್ಡ ಕಟ್ಟಿ, ಒಂದು ಗಂಟೆಯವರೆಗೆ ಹನಿ ನೀರು ಹೊರಬರಲಿಲ್ಲ. ಅದರ ಮರುದಿನ ಇಡುವುದನ್ನೇ ಮರೆತ. ಪ್ರತಿ ಮಧ್ಯಾಹ್ನ ಬಾಟಲಿ ನಮ್ಮ ಕಡೆ ಚಾಚುತ್ತಿದ್ದ. ಈಗ ನಾವು ನಿಜವನ್ನೇ ಹೇಳುತ್ತಿದ್ದೆವು, ಹಿಂದಿನ ಒಂದು ತಿಂಗಳ ಬಾಕಿ ಸೇರಿಸಿ ಹೇಳುತ್ತಿದ್ದೆವು.

"ಕಾದಿದೆ."

"ಇದ್ರಲ್ಲಿ ಬಟ್ಟೆ ನೆನೆಹಾಕಬಹುದು ಅಣ್ಣಾ."

"ಮೂವತ್ತೆಂಟು," ಎಂದಳು ಲ್ಯಾಬಿನವಳು, ಈಗ ಅವನ ಎದುರಿಗೇ ಥರ್ಮಾಮೀಟರ್ ಅದ್ದಿ.

"ಹೂಂ," ಎನ್ನುತ್ತಿದ್ದ ಅವನು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಡಾಕ್ಟರ ಭಯಕ್ಕೆ ಎರಡು ಗುಟುಕು ಕುಡಿದು, ಗಂಟಲಲ್ಲಿ ಇಳಿಯದೆ ಉಗುಳಿಬಿಡುತ್ತಿದ್ದ. ಎರಡು ಗುಟುಕಿನಲ್ಲಿ ಆ ಒಂದು ಕಿಡ್ನಿ ಎಷ್ಟು ದಿನ ಕಾಯುತ್ತದೆ ಎಂದು ನಾವು ನಮ್ಮನಮ್ಮಲ್ಲೇ ಲೆಕ್ಕ ಹಾಕುತ್ತಿದ್ದೆವು. ಅಕ್ಕ ತಾನೇ ಬಂದು ಇಟ್ಟುಕೊಡುತ್ತೇನೆಂದರೆ ಒಪ್ಪಲಿಲ್ಲ. "ಬೇಡ. ನಾನು ಕಲೀತೀನಿ," ಎಂದ.

ಆಸ್ಪತ್ರೆಯಿಂದ ಕೆಲಸಕ್ಕೆ ಬಂದ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಇರಬೇಕು. ಆ ದಿನದ ಬಿಸಿಲಿಗೆ ಪಂಪ್‌ಹೌಸಿನ ಮೇಲೆ ಕೂತ ಕಾಗೆ ಕಾಲು ಬದಲಾಯಿಸುತ್ತಾ ಬದಲಾಯಿಸುತ್ತಾ ಕೊನೆಗೆ ಕುಣಿತ ಕಲಿತುಬಿಟ್ಟಿತು. ಒಂದು ಗಂಟೆಗೆ ತಣ್ಣೀರಣ್ಣ ಬಂದು ಸೈಕಲ್ ನಿಲ್ಲಿಸಿದ. ಚೀಲದ ಗಂಟು ಬಿಚ್ಚಿದ. ನಾವು ಏಳು ಜನ ಸಾಲಾಗಿ ಕೂತಿದ್ದೆವು, ವಾಲ್ವಿನವನು ಆಗಲೇ ಕೈ ಚಾಚಿದ್ದ. ಅವನು ಬಾಟಲಿಯನ್ನು ವಾಲ್ವಿನವನ ಕೈಗೆ ಕೊಡಲು ಹೋದವನು, ಮೊದಲು ನೋಡೋಣವೆಂದೋ ಏನೋ, ತಲೆಯೆತ್ತಿ ತನ್ನ ಬಾಯಿಗೇ ಬಿಟ್ಟುಕೊಂಡ.

ಒಂದು ಗುಟುಕು. ನಿಂತ. ಮತ್ತೆ ಎತ್ತಿದ.

ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾವು ನೋಡುತ್ತಾ ಕೂತೆವು. ಅರ್ಧ ಬಾಟಲಿಗೆ ಬಂದ. ನಿಲ್ಲಿಸಲಿಲ್ಲ. ನೀರು ಗಲ್ಲದಿಂದ ಇಳಿದು ಇಸ್ತ್ರಿ ಅಂಗಿಯ ಮೇಲೆ ಹರಿಯಿತು. ವಾಲ್ವಿನವನ ಚಾಚಿದ ಕೈ ಚಾಚಿದಂತೆಯೇ ಇತ್ತು. ಸಾಹೇಬರು ಒಣಗಿದ ನಾಲಿಗೆಯಿಂದ ತುಟಿ ಸವರಿಕೊಂಡರು. ಲ್ಯಾಬಿನವಳು ಥರ್ಮಾಮೀಟರ್ ತೆಗೆಯಲು ಹೋಗಿ ಕೈ ಹಿಂದೆ ತೆಗೆದಳು. ಬಾಟಲಿ ಬುಡಮೇಲಾಯಿತು, ಕೊನೆಯ ಹನಿಯೂ ಒಳಗೆ ಹೋಯಿತು.

ಅವನು ಮುಚ್ಚಳ ತಿರುಗಿಸಿ, ಬಾಟಲಿಯನ್ನು ಸೀಟಿಗೆ ಕಟ್ಟಿ, ಮೀಟರ್ ಪುಸ್ತಕ ತೆಗೆದುಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ಸೈಕಲ್ ಹತ್ತಿ ಬಿಸಿಲಿಗೆ ಹೋದ. ಆ ನೀರು ತಣ್ಣಗಿತ್ತೋ ಕಾದಿತ್ತೋ ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.